ಬೆಳ್ಳಿ ಜಗ್ಗಿನ ಮೇಲಿನ ಐದು ಮುದ್ರೆಗಳು

ಎತ್ತರ ನಾಲ್ಕರಿಂದ ಆರು ಅಂಗುಲ. ತೂಕ ನೂರು ಗ್ರಾಂ ಆಸುಪಾಸು. ಒಂದು ಸಪೂರ ಹಿಡಿಕೆ, ಮುಂದಕ್ಕೆ ಚಾಚಿದ ಅಗಲ ಬಾಯಿ, ಕೆಳಗೊಂದು ಪುಟ್ಟ ಪಾದ. ಬೋರಲು ಹಾಕಿದರೆ ಪ್ರಾಚೀನ ರೋಮಿನ ಸೈನಿಕನ ಶಿರಸ್ತ್ರಾಣದಂತೆ ಕಾಣುತ್ತದೆ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನ ಅನುಕೂಲಸ್ಥರ ಮನೆಗಳಲ್ಲಿ ಚಹಾದ ಜೊತೆಗೆ ಕೆನೆಹಾಲು ತುಂಬಿ ಇಡುತ್ತಿದ್ದ ಬೆಳ್ಳಿಯ ‘ಕ್ರೀಮ್ ಜಗ್ಗು’ ಇದು. ಈಗ ವಸ್ತುಸಂಗ್ರಹಾಲಯಗಳ ಗಾಜಿನ ಕಪಾಟಿನಲ್ಲಿ, ಹಳೆಯ ವಸ್ತುಗಳ ಹರಾಜುಕಟ್ಟೆಗಳಲ್ಲಿ ಕಾಣಸಿಗುತ್ತದೆ.

ಸಾಮಾನ್ಯರು ಇಂಥ ಜಗ್ಗನ್ನು ಕಂಡಾಗ ಅದರ ಹೊಳಪನ್ನು, ಕೆತ್ತನೆಯನ್ನು ನೋಡುತ್ತಾರೆ. ಬಲ್ಲವರು ಮಾಡುವ ಮೊದಲ ಕೆಲಸವೇ ಬೇರೆ. ಭೂತಗನ್ನಡಿ ಹಿಡಿದು ಅದರ ತಳದಲ್ಲೋ, ಪಾದದ ಅಂಚಿನಲ್ಲೋ, ಹಿಡಿಕೆಯ ಪಕ್ಕದಲ್ಲೋ ಇರುವ ಕೆಲವು ಪುಟ್ಟ ಗುರುತುಗಳನ್ನು ಹುಡುಕುತ್ತಾರೆ. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಆ ಗುರುತುಗಳಲ್ಲಿ ಜಗ್ಗಿನ ಊರು, ವರ್ಷ, ಬೆಳ್ಳಿಯ ಶುದ್ಧತೆ, ಯಜಮಾನನ ಹೆಸರು, ಸರಕಾರಕ್ಕೆ ಸಂದ ತೆರಿಗೆ ಎಲ್ಲವೂ ಇರುತ್ತವೆ. ಮನೆಬಳಕೆಯ ಬೇರಾವ ಹಳೆಯ ಪಾತ್ರೆಯೂ ತನ್ನ ಜಾತಕವನ್ನು ಇಷ್ಟು ಸ್ಪಷ್ಟವಾಗಿ ಮೈಮೇಲೆ ಹೊತ್ತುಕೊಂಡಿರುವುದು ಅಪರೂಪ.

ಉದಾಹರಣೆಗೆ, 1785ರಲ್ಲಿ ಲಂಡನ್ನಿನ ಹೆಸ್ಟರ್ ಬೇಟ್‌ಮನ್ ಎಂಬಾಕೆಯ ಕಾರ್ಖಾನೆಯಿಂದ ಹೊರಬಂದ ಜಗ್ಗನ್ನು ತೆಗೆದುಕೊಳ್ಳಬಹುದು. ಅದರ ಮೇಲೆ ಐದು ಮುದ್ರೆಗಳಿರುತ್ತವೆ. ನಡೆಯುತ್ತಿರುವ ಸಿಂಹ ಬೆಳ್ಳಿಯ ಶುದ್ಧತೆಗೆ ಸಾಕ್ಷಿ. ಕಿರೀಟ ಧರಿಸಿದ ಚಿರತೆಯ ತಲೆ ಲಂಡನ್ನಿನ ಗುರುತು. ‘ಕೆ’ ಎಂಬ ಇಂಗ್ಲಿಷ್ ಅಕ್ಷರ 1785–86ನೇ ಸಾಲನ್ನು ಹೇಳುತ್ತದೆ. ದೊರೆ ಮೂರನೇ ಜಾರ್ಜನ ತಲೆ ತೆರಿಗೆ ಕಟ್ಟಿದ್ದಕ್ಕೆ ರಸೀದಿ. ಉಳಿದ ಎರಡು ಅಕ್ಷರಗಳು, ಬಳುಕಿನ ಬರಹದಲ್ಲಿ ‘ಎಚ್.ಬಿ.’, ಕಾರ್ಖಾನೆಯ ಯಜಮಾನಿಯದು.

ಈ ಐದರ ಹಿಂದೆಯೂ ಒಂದೊಂದು ಕಥೆಯಿದೆ.

ಅನುಮಾನದಿಂದ ಹುಟ್ಟಿದ ಮುದ್ರೆ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ನಮ್ಮಲ್ಲಿದೆ. ಬೆಳ್ಳಗಿರುವುದೆಲ್ಲ ಬೆಳ್ಳಿಯೂ ಅಲ್ಲ. ಅಪ್ಪಟ ಬೆಳ್ಳಿ ಬಹಳ ಮೆದು. ಪಾತ್ರೆ ಮಾಡಬೇಕಾದರೆ ಸ್ವಲ್ಪ ತಾಮ್ರ ಬೆರೆಸಲೇಬೇಕು. ಎಷ್ಟು ಬೆರೆಸಿದ್ದಾರೆ ಎಂಬುದು ಕೊಳ್ಳುವವನ ಕಣ್ಣಿಗೆ ಕಾಣುವುದಿಲ್ಲ. ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡನೆಂಬ ನಮ್ಮ ಗಾದೆ ಒಂದಿಡೀ ಕಸುಬಿಗೆ ಅನ್ಯಾಯ ಮಾಡುತ್ತದೆ, ನಿಜ. ಆದರೆ ಅದರ ಹಿಂದಿರುವ ಅನುಮಾನ ಎಲ್ಲ ದೇಶಗಳದೂ ಹೌದು.

ಇಂಗ್ಲೆಂಡಿನಲ್ಲಿ ಈ ಅನುಮಾನ 1300ರಲ್ಲಿಯೇ ಕಾನೂನಿನ ರೂಪ ತಾಳಿತು. ದೊರೆ ಒಂದನೇ ಎಡ್ವರ್ಡ್ ಹೊರಡಿಸಿದ ಶಾಸನದ ಪ್ರಕಾರ ಬೆಳ್ಳಿಯ ಸಾಮಾನು ‘ಸ್ಟರ್ಲಿಂಗ್’ ನಾಣ್ಯದ ಮಟ್ಟಕ್ಕಿಂತ ಕಡಿಮೆ ಇರಕೂಡದು. ಪರೀಕ್ಷಿಸಿ ಚಿರತೆಯ ತಲೆಯ ಮುದ್ರೆ ಒತ್ತಬೇಕು. ಸ್ಟರ್ಲಿಂಗ್ ಎಂದರೆ ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ. ಇಂದಿಗೂ ಆಭರಣದಂಗಡಿಗಳಲ್ಲಿ ‘925 ಬೆಳ್ಳಿ’ ಎಂದು ಮಾರುವುದು ಇದನ್ನೇ. 1363ರಲ್ಲಿ ಪ್ರತಿಯೊಬ್ಬ ಕಸುಬುದಾರನೂ ತನ್ನದೇ ಗುರುತನ್ನು ಹಾಕಬೇಕೆಂದಾಯಿತು. ಕಳಪೆ ಮಾಲು ಸಿಕ್ಕರೆ ಯಾರನ್ನು ಹಿಡಿಯಬೇಕೆಂದು ಗೊತ್ತಾಗಬೇಕಲ್ಲ!

1478ರಲ್ಲಿ ಪರೀಕ್ಷೆಯ ಕೆಲಸ ಲಂಡನ್ನಿನ ‘ಗೋಲ್ಡ್‌ಸ್ಮಿತ್ಸ್ ಹಾಲ್’ ಎಂಬ ಕಸುಬುದಾರರ ಸಂಘದ ಕಟ್ಟಡಕ್ಕೆ ಬಂತು. ಹಾಲ್‌ನಲ್ಲಿ ಒತ್ತುವ ಮಾರ್ಕ್ ಆದ್ದರಿಂದ ‘ಹಾಲ್‌ಮಾರ್ಕ್’ ಎಂಬ ಹೆಸರಾಯಿತು. ಈ ‘ಹಾಲ್‌’ಗೂ ಜಗ್ಗಿನ ಹಾಲಿಗೂ ಸಂಬಂಧವಿಲ್ಲ! ವರ್ಷವನ್ನು ಸೂಚಿಸುವ ಅಕ್ಷರ ಶುರುವಾದದ್ದೂ ಆಗಲೇ. ವರ್ಷಕ್ಕೊಂದು ಅಕ್ಷರ, ಇಪ್ಪತ್ತು ವರ್ಷಕ್ಕೊಮ್ಮೆ ಹೊಸ ಅಕ್ಷರಮಾಲೆ. ಪ್ರತಿ ಮಾಲೆಗೂ ಅಕ್ಷರದ ವಿನ್ಯಾಸ, ಅದರ ಸುತ್ತಲಿನ ಚೌಕಟ್ಟು ಬದಲಾಗುತ್ತಿತ್ತು. ಆ ವರ್ಷ ಪರೀಕ್ಷೆಯ ಹೊಣೆ ಹೊತ್ತಿದ್ದವರು ಯಾರೆಂದು ಮುಂದೆ ಪತ್ತೆಹಚ್ಚಲು ಮಾಡಿದ ಏರ್ಪಾಡಿದು. ಪರೀಕ್ಷಕರ ಮೇಲೂ ಅನುಮಾನವಿತ್ತೆಂದಾಯಿತು. ನಡೆಯುವ ಸಿಂಹ ಸೇರಿಕೊಂಡದ್ದು 1544ರಲ್ಲಿ.

ಪರೀಕ್ಷೆಯ ವಿಧಾನವೂ ಕುತೂಹಲಕರ. ಚಿನ್ನಕ್ಕೆ ಒರೆಗಲ್ಲು ಸಾಕಾಗಬಹುದು, ಬೆಳ್ಳಿಗೆ ಅದು ಅಷ್ಟು ನಂಬಿಕೆಗೆ ಅರ್ಹವಲ್ಲ. ಆದ್ದರಿಂದ ಪಾತ್ರೆಯ ಪ್ರತಿ ಭಾಗದಿಂದ ಚೂರು ಬೆಳ್ಳಿ ಹೆರೆದು ತೂಗುತ್ತಿದ್ದರು. ಅದನ್ನು ಸೀಸದೊಡನೆ, ಮೂಳೆಯ ಬೂದಿಯಿಂದ ಮಾಡಿದ ಪುಟ್ಟ ಬಟ್ಟಲಲ್ಲಿಟ್ಟು ಕುಲುಮೆಯಲ್ಲಿ ಕಾಯಿಸುತ್ತಿದ್ದರು. ಸೀಸ ಮತ್ತು ತಾಮ್ರ ಬೂದಿಯೊಳಗೆ ಇಂಗಿಹೋಗಿ ಅಪ್ಪಟ ಬೆಳ್ಳಿಯ ಮಣಿಯೊಂದು ಉಳಿಯುತ್ತಿತ್ತು. ಅದನ್ನು ಮತ್ತೆ ತೂಗಿದರೆ ವ್ಯತ್ಯಾಸ ತಿಳಿಯುತ್ತದೆ. ಪರೀಕ್ಷೆಯಲ್ಲಿ ಸೋತ ಸಾಮಾನನ್ನು ಅಲ್ಲೇ ಮುರಿದುಹಾಕುತ್ತಿದ್ದರು.

ಈ ಕಟ್ಟುನಿಟ್ಟಿಗೆ ಕಾರಣ ಸರಳ. ಬೆಳ್ಳಿಯ ಪಾತ್ರೆ ಬರೀ ಪಾತ್ರೆಯಾಗಿರಲಿಲ್ಲ, ಹಣವೇ ಆಗಿತ್ತು. ನಾಣ್ಯ ಕರಗಿಸಿ ಪಾತ್ರೆ ಮಾಡಬಹುದಿತ್ತು. ಕಷ್ಟ ಬಂದರೆ ಪಾತ್ರೆ ಕರಗಿಸಿ ನಾಣ್ಯ ಮಾಡಬಹುದಿತ್ತು. ಹದಿನೇಳನೆಯ ಶತಮಾನದ ಕೊನೆಗೆ ನಾಣ್ಯಗಳ ಅಂಚನ್ನು ಕತ್ತರಿಸಿ, ಕರಗಿಸಿ ಪಾತ್ರೆ ಮಾಡುವ ಹಾವಳಿ ಎಷ್ಟು ಹೆಚ್ಚಿತೆಂದರೆ, 1697ರಲ್ಲಿ ಸರಕಾರ ಪಾತ್ರೆಯ ಬೆಳ್ಳಿ ನಾಣ್ಯದ ಬೆಳ್ಳಿಗಿಂತ ಶುದ್ಧವಾಗಿರಬೇಕೆಂದು, ಸಾವಿರಕ್ಕೆ ಸುಮಾರು 958 ಭಾಗವಿರಬೇಕೆಂದು ಆಜ್ಞೆ ಮಾಡಿತು. 1720ರಲ್ಲಿ ಹಳೆಯ ಮಟ್ಟಕ್ಕೆ ಮರಳಲು ಅವಕಾಶ ಸಿಕ್ಕಿತಾದರೂ, ಅದರ ಬೆನ್ನಿಗೇ ಔನ್ಸಿಗೆ ಆರು ಪೆನ್ಸ್ ತೆರಿಗೆ ಬಂತು.

ಚಹಾದ ಹಿಂದೆ ಬಂದ ಹಾಲು

ಮುದ್ರೆಯ ಇತಿಹಾಸ ಇಷ್ಟು ಹಳೆಯದಾದರೂ ಕ್ರೀಮ್ ಜಗ್ಗಿನದು ಅಷ್ಟು ಹಳೆಯದಲ್ಲ. ಕಾರಣ, ಚಹಾವೇ ಇಂಗ್ಲೆಂಡಿಗೆ ತಡವಾಗಿ ಬಂತು. ಲಂಡನ್ನಿನ ಸರಕಾರಿ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ 1660ರ ಸೆಪ್ಟೆಂಬರ್ 25ರಂದು ತಾನು ಮೊದಲ ಬಾರಿಗೆ ಚಹಾ ಕುಡಿದ ಸಂಗತಿಯನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. 1662ರಲ್ಲಿ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನ್ ಎರಡನೇ ಚಾರ್ಲ್ಸನ ಕೈಹಿಡಿದು ಬಂದಳು. ಆಕೆಯ ವರದಕ್ಷಿಣೆಯಲ್ಲಿ ಮುಂಬಯಿ ದ್ವೀಪ ಇಂಗ್ಲಿಷರಿಗೆ ಸಿಕ್ಕಿತೆಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಆಸ್ಥಾನದಲ್ಲಿ ಚಹಾ ಕುಡಿಯುವುದು ಪ್ರತಿಷ್ಠೆಯ ವಿಷಯವಾಗಲು ಆಕೆಯ ಅಭ್ಯಾಸವೂ ಕಾರಣವಾಯಿತು.

ಮೊದಲಿಗೆ ಅವರು ಚಹಾ ಕುಡಿಯುತ್ತಿದ್ದುದು ಚೀನೀಯರಂತೆ, ಹಾಲಿಲ್ಲದೆ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಲ್ಲಿ. ಕಪ್ಪು ಚಹಾದ ಬಳಕೆ ಹೆಚ್ಚಿದಂತೆ ಹಾಲು ಬೆರೆಸುವ ರೂಢಿ ಬಲಗೊಂಡಿತು. ರಾಣಿ ಆ್ಯನ್‌ಳ ಕಾಲದಲ್ಲಿ, ಅಂದರೆ ಹದಿನೆಂಟನೆಯ ಶತಮಾನದ ಆರಂಭದಲ್ಲಿ, ಬಿಸಿಹಾಲಿಗೆಂದು ಮುಚ್ಚಳವಿದ್ದ ಜಗ್ಗುಗಳು ಬಂದವು. 1720ರ ದಶಕದಿಂದ ಮುಚ್ಚಳವಿಲ್ಲದ, ತಣ್ಣನೆಯ ಕೆನೆಹಾಲಿನ ಚಿಕ್ಕ ಜಗ್ಗು ಚಾಲ್ತಿಗೆ ಬಂತು.

ಆಮೇಲೆ ರೂಪಗಳು ಫ್ಯಾಶನ್ನಿಗೆ ತಕ್ಕಂತೆ ಬದಲಾಗುತ್ತ ಹೋದವು. 1730ರ ದಶಕದಿಂದ ಪೇರು ಹಣ್ಣಿನ ಆಕಾರದ, ಮೂರು ಕಾಲಿನ ಜಗ್ಗು. 1750ರ ಸುಮಾರಿಗೆ ಜಾನ್ ಷೂಪೆ ಎಂಬ ಕಸುಬುದಾರ ಬೆಳ್ಳಿಯ ಹಸುವನ್ನೇ ಜಗ್ಗು ಮಾಡಿದ. ಬೆನ್ನಿನ ಮೇಲಿನ ಮುಚ್ಚಳ ತೆರೆದು ಕೆನೆ ತುಂಬುವುದು, ಸುತ್ತಿದ ಬಾಲವೇ ಹಿಡಿಕೆ, ಹಾಲು ಹೊರಬರುವುದು ಬಾಯಿಂದ! ಪಿ.ಜಿ. ವುಡ್‌ಹೌಸ್‌ನ ಓದುಗರಿಗೆ ಈ ಹಸು ಹೊಸದಲ್ಲ. 1938ರ ಅವನ ‘ದಿ ಕೋಡ್ ಆಫ್ ದಿ ವೂಸ್ಟರ್ಸ್’ ಕಾದಂಬರಿಯ ರಾದ್ಧಾಂತವೆಲ್ಲ ಇಂಥದೊಂದು ಬೆಳ್ಳಿ ಹಸುವಿನ ಸುತ್ತಲೇ ನಡೆಯುತ್ತದೆ. 1780ರ ದಶಕದ ಹೊತ್ತಿಗೆ ಗ್ರೀಕ್–ರೋಮನ್ ಶೈಲಿಯ ಹುಚ್ಚು ಹತ್ತಿತು. ಆಗ ಬಂದದ್ದೇ ಶಿರಸ್ತ್ರಾಣದ ಆಕಾರದ ಜಗ್ಗು.

ಒಂದೇ ವರ್ಷ, ಎರಡು ಕಾನೂನು

ನಮ್ಮ ಜಗ್ಗಿನ ಮೇಲಿರುವ ದೊರೆಯ ತಲೆಗೆ ಒಂದು ನಿರ್ದಿಷ್ಟ ದಿನಾಂಕವಿದೆ: 1784ರ ಡಿಸೆಂಬರ್ 1. ಅಮೆರಿಕದ ವಸಾಹತುಗಳನ್ನು ಕಳೆದುಕೊಂಡ ಯುದ್ಧದಿಂದ ಬ್ರಿಟನ್ನಿನ ಬೊಕ್ಕಸ ಬರಿದಾಗಿತ್ತು. ಯುವ ಪ್ರಧಾನಿ ವಿಲಿಯಂ ಪಿಟ್ ಹೊಸ ತೆರಿಗೆಗಳಿಗಾಗಿ ತಡಕಾಡುತ್ತಿದ್ದ. 1758ರಲ್ಲಿ ರದ್ದಾಗಿದ್ದ ಬೆಳ್ಳಿ ತೆರಿಗೆ ಹೀಗೆ ಮರಳಿ ಬಂತು. ಔನ್ಸಿಗೆ ಆರು ಪೆನ್ಸ್. ನಾಲ್ಕು ಔನ್ಸಿನ ಜಗ್ಗಿಗೆ ಎರಡು ಶಿಲ್ಲಿಂಗ್. ತೆರಿಗೆ ಕಟ್ಟಿದ್ದಕ್ಕೆ ಗುರುತಾಗಿ ದೊರೆಯ ತಲೆ.

ಅದೇ 1784ರಲ್ಲಿ ಅದೇ ಪಿಟ್ ಇನ್ನೊಂದು ಕಾನೂನು ಮಾಡಿದ. ಚಹಾದ ಮೇಲಿನ ಸುಂಕ ಆಗ ಸರಾಸರಿ ಶೇಕಡ 119ರಷ್ಟಿತ್ತು. ಹೀಗಾಗಿ ದೇಶದೊಳಗೆ ಬರುತ್ತಿದ್ದ ಚಹಾದಲ್ಲಿ ಬಹಳಷ್ಟು ಕಳ್ಳಸಾಗಣೆಯ ಮಾಲು. ಪಿಟ್ ಸುಂಕವನ್ನು ಒಮ್ಮೆಲೇ ಶೇಕಡ 12.5ಕ್ಕೆ ಇಳಿಸಿ, ನಷ್ಟವನ್ನು ಮನೆಗಳ ಕಿಟಕಿಗಳ ಮೇಲಿನ ತೆರಿಗೆ ಏರಿಸಿ ತುಂಬಿಕೊಂಡ. ಕಳ್ಳಸಾಗಣೆದಾರರ ಕಸುಬು ಕೆಟ್ಟಿತು. ಈಸ್ಟ್ ಇಂಡಿಯಾ ಕಂಪೆನಿಯ ಚಹಾ ಮಾರಾಟ ಭರದಿಂದ ಏರಿತು.

ಚಹಾ ಅಗ್ಗವಾಯಿತು, ಚಹಾದ ಬೆಳ್ಳಿ ಸಾಮಾನು ತುಟ್ಟಿಯಾಯಿತು. ಈ ಎರಡರ ನಡುವೆ ಸಿಕ್ಕಿಕೊಂಡವರು ಮಧ್ಯಮ ವರ್ಗದ ಗಿರಾಕಿಗಳು. ಅವರಿಗೆ ಬೆಳ್ಳಿಯೂ ಬೇಕು, ತೂಕ ಮಾತ್ರ ಕಡಿಮೆಯಿರಬೇಕು. ಈ ಬೇಡಿಕೆಯನ್ನು ಚೆನ್ನಾಗಿ ಅರಿತವಳು ಬನ್‌ಹಿಲ್ ರೋ ಬೀದಿಯ ವಿಧವೆ ಹೆಸ್ಟರ್ ಬೇಟ್‌ಮನ್.

ಎರಡೇ ಅಕ್ಷರಗಳ ಯಜಮಾನಿ

ಹೆಸ್ಟರ್ ಹುಟ್ಟಿದ್ದು 1708ರಲ್ಲಿ. ಶಾಲೆಯ ಮುಖ ಕಂಡವಳಲ್ಲ. ತನ್ನ ಹೆಸರನ್ನು ಪೂರ್ತಿ ಬರೆಯಲೂ ಬರುತ್ತಿರಲಿಲ್ಲವೆಂದು ಆಕೆ ದಾಖಲೆಗಳಲ್ಲಿ ಹಾಕಿರುವ ಗುರುತುಗಳಿಂದ ವಿದ್ವಾಂಸರು ತರ್ಕಿಸಿದ್ದಾರೆ. ಗಂಡ ಜಾನ್ ಸರಪಳಿ ಮಾಡುವ ಕಸುಬಿನವನು. ಆತ 1760ರಲ್ಲಿ ಕ್ಷಯರೋಗದಿಂದ ತೀರಿಕೊಂಡಾಗ ತನ್ನ ಕಸುಬಿನ ಉಪಕರಣಗಳನ್ನು ಉಯಿಲಿನಲ್ಲಿ ಹೆಂಡತಿಗೇ ಬಿಟ್ಟುಹೋದ. ಮರುವರ್ಷ, ಐವತ್ತು ದಾಟಿದ ಹೆಸ್ಟರ್ ಗೋಲ್ಡ್‌ಸ್ಮಿತ್ಸ್ ಹಾಲ್‌ಗೆ ಹೋಗಿ ‘ಎಚ್.ಬಿ.’ ಎಂಬ ಮುದ್ರೆಯನ್ನು ತನ್ನ ಹೆಸರಿನಲ್ಲಿ ನೋಂದಾಯಿಸಿದಳು. ಗಂಡನ ಕಸುಬನ್ನು ವಿಧವೆ ಮುಂದುವರಿಸುವುದಕ್ಕೆ ಅಲ್ಲಿನ ಸಂಘದ ಒಪ್ಪಿಗೆಯಿತ್ತು. ಹಾಗೆ ಮುಂದುವರಿಸಿದ ಹೆಂಗಸರು ಹಲವರು. ಆದರೆ ಹೆಸ್ಟರ್‌ಳಷ್ಟು ದೊಡ್ಡದಾಗಿ ಬೆಳೆಸಿದವರು ವಿರಳ.

ಆರಂಭದ ವರ್ಷಗಳಲ್ಲಿ ಆಕೆಯ ಕಾರ್ಖಾನೆ ಚಮಚಗಳನ್ನು ಮಾಡುತ್ತ, ಹೆಚ್ಚಾಗಿ ಬೇರೆ ಬೆಳ್ಳಿ ವ್ಯಾಪಾರಿಗಳಿಗೆ ಮಾಲು ಒದಗಿಸುತ್ತಿತ್ತು. 1770ರ ದಶಕದ ನಡುವಿನಿಂದ ಸ್ವಂತ ಮುದ್ರೆಯ ಚಹಾ ಸಾಮಾನುಗಳು ಹೆಚ್ಚಿದವು. ಆ ಹೊತ್ತಿಗೆ ಪೈಪೋಟಿ ಜೋರಾಗಿತ್ತು. ಷೆಫೀಲ್ಡ್ ನಗರದಲ್ಲಿ ತಾಮ್ರದ ಹಾಳೆಗೆ ಬೆಳ್ಳಿಯ ತೆಳು ಹಾಳೆ ಬೆಸೆದು ಮಾಡಿದ ಅಗ್ಗದ ಸಾಮಾನು ಮಾರುಕಟ್ಟೆಗೆ ಬಂದಿತ್ತು. ಬೇಟ್‌ಮನ್ ಕುಟುಂಬ ಇದಕ್ಕೆ ಯಂತ್ರದಿಂದಲೇ ಉತ್ತರ ಕೊಟ್ಟಿತು. ಬೆಳ್ಳಿಯ ಗಟ್ಟಿಯನ್ನು ಸುತ್ತಿಗೆಯಿಂದ ಬಡಿದು ಏರಿಸುವ ಬದಲು, ಉರುಳೆಗಳ ನಡುವೆ ತೆಳ್ಳಗೆ ಮಾಡಿದ ಹಾಳೆಯನ್ನು ಕತ್ತರಿಸಿ, ಬಾಗಿಸಿ, ಬೆಸೆಯುವುದು. ಬೆಸುಗೆಯ ಗೆರೆ ಹಿಡಿಕೆಯ ಹಿಂದೆ ಮರೆಯಾಗುತ್ತದೆ. ಅಂಚಿಗೆ ಸಾಲಾಗಿ ಪುಟ್ಟ ಮಣಿಗಳು. ಮೈಮೇಲೆ ಉಳಿಯಿಂದ ಓರೆಯಾಗಿ ಕೊರೆದು ಬೆಳಕನ್ನು ಹಿಡಿಯುವ ಸರಳ ಬಳ್ಳಿಗಳು. ಬೆಳ್ಳಿ ಕಡಿಮೆ, ತೆರಿಗೆಯೂ ಕಡಿಮೆ, ನೋಟಕ್ಕೆ ಮಾತ್ರ ಕೊರತೆಯಿಲ್ಲ.

1790ರಲ್ಲಿ ಎಂಬತ್ತು ದಾಟಿದ ಹೆಸ್ಟರ್ ಕೆಲಸದಿಂದ ನಿವೃತ್ತಳಾದಳು. 1794ರಲ್ಲಿ ಕಣ್ಣುಮುಚ್ಚಿದಳು. ಮಗ ಜೋನಾಥನ್ 1791ರಲ್ಲಿ ತೀರಿಕೊಂಡಾಗ ಅವನ ಹೆಂಡತಿ ಆ್ಯನ್, ಗಂಡನ ಸೋದರ ಪೀಟರ್ ಜೊತೆ ಸೇರಿ ಹೊಸ ಮುದ್ರೆ ನೋಂದಾಯಿಸಿದಳು. ಅತ್ತೆಯಂತೆ ಸೊಸೆಯೂ ವಿಧವೆಯಾಗಿಯೇ ಕಸುಬಿನ ದಾಖಲೆಗೆ ಬಂದಳೆಂಬುದು ಗಮನಾರ್ಹ.

ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ‘ಎಚ್.ಬಿ.’ ಎಂದಿದ್ದರೆ ಆ ಜಗ್ಗನ್ನು ಹೆಸ್ಟರ್ ತನ್ನ ಕೈಯಾರೆ ಮಾಡಿದಳೆಂದಲ್ಲ. ಅದು ಮಾಲಿಗೆ ಹೊಣೆಯಾದ ಯಜಮಾನಿಯ ಗುರುತು. ಹಾಳೆ ಬಾಗಿಸಿದವನು, ಬಳ್ಳಿ ಕೊರೆದವನು, ತಿಕ್ಕಿ ಹೊಳಪು ಕೊಟ್ಟವಳು ಇವರ ಹೆಸರಿಗೆ ಮುದ್ರೆಯಲ್ಲಿ ಜಾಗವಿರಲಿಲ್ಲ.

ಮುದ್ರೆಯಲ್ಲಿ ಇಲ್ಲದವರು

ಜಾಗವಿಲ್ಲದವರ ಪಟ್ಟಿ ಲಂಡನ್ನಿಗೇ ಮುಗಿಯುವುದಿಲ್ಲ. ಆ ಕಾಲದಲ್ಲಿ ಜಗತ್ತಿನ ಬೆಳ್ಳಿಯ ಬಹುಪಾಲು ಬರುತ್ತಿದ್ದುದು ಸ್ಪೇನಿನ ಹಿಡಿತದಲ್ಲಿದ್ದ ಅಮೆರಿಕದ ಗಣಿಗಳಿಂದ, ಮೆಕ್ಸಿಕೋದಿಂದ ಮತ್ತು ಇಂದಿನ ಬೊಲಿವಿಯಾದಲ್ಲಿರುವ ಪೊಟೊಸಿ ಬೆಟ್ಟದಿಂದ. ಪೊಟೊಸಿಯಲ್ಲಿ ಸ್ಥಳೀಯ ಇಂಡಿಯನ್ನರನ್ನು ಸರದಿಯ ಮೇಲೆ ಬಲವಂತವಾಗಿ ದುಡಿಸಿಕೊಳ್ಳುತ್ತಿದ್ದರು. ಚಹಾ ಬರುತ್ತಿದ್ದುದು ಚೀನಾದಿಂದ. ಅದಕ್ಕೆ ಕಂಪೆನಿ ತೆರುತ್ತಿದ್ದುದೂ ಬಹುಮಟ್ಟಿಗೆ ಬೆಳ್ಳಿಯನ್ನೇ. ಈ ಬೆಳ್ಳಿಯ ಹೊರಹರಿವನ್ನು ತಡೆಯಲು ಭಾರತದಲ್ಲಿ ಬೆಳೆದ ಅಫೀಮನ್ನು ಚೀನಾಕ್ಕೆ ಸಾಗಿಸಿದ ಕಥೆ ಮುಂದಿನದು.

ಜಗ್ಗಿನ ಪಕ್ಕದಲ್ಲಿ ಯಾವಾಗಲೂ ಒಂದು ಸಕ್ಕರೆ ಬಟ್ಟಲು ಇರುತ್ತಿತ್ತು. ಆ ಸಕ್ಕರೆ ವೆಸ್ಟ್ ಇಂಡೀಸ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಆಫ್ರಿಕದ ಗುಲಾಮರ ದುಡಿಮೆಯಿಂದ ಬರುತ್ತಿತ್ತು. 1791ರಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸುವ ಮಸೂದೆಯನ್ನು ಬ್ರಿಟಿಷ್ ಪಾರ್ಲಿಮೆಂಟ್ ತಿರಸ್ಕರಿಸಿದಾಗ ಸಾವಿರಾರು ಮನೆಗಳಲ್ಲಿ ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಬಿಟ್ಟರು. ಸುಮಾರು 3 ಲಕ್ಷ ಜನ ಸಕ್ಕರೆ ತ್ಯಜಿಸಿದ್ದರೆಂಬುದು ಚಳವಳಿಯ ನಾಯಕ ಥಾಮಸ್ ಕ್ಲಾರ್ಕ್‌ಸನ್ನನ ಅಂದಾಜು. ಪಾರ್ಲಿಮೆಂಟಿಗೆ ಮತ ಹಾಕುವ ಹಕ್ಕಿಲ್ಲದ ಹೆಂಗಸರು ಚಹಾದ ಮೇಜಿನಲ್ಲಿಯೇ ತಮ್ಮ ಅಭಿಪ್ರಾಯ ತಿಳಿಸಿದರು. ಮುಂದೆ ಭಾರತದ ಕಡೆಯಿಂದ ಬಂದ ಸಕ್ಕರೆಗೆ, ಇದು ಗುಲಾಮರು ಮಾಡಿದ್ದಲ್ಲವೆಂದು ಬರೆದ ಸಕ್ಕರೆ ಬಟ್ಟಲುಗಳೇ ಮಾರಾಟಕ್ಕೆ ಬಂದವು. ಗುಲಾಮರ ವ್ಯಾಪಾರ 1807ರಲ್ಲಿ ನಿಷೇಧವಾಯಿತು; ಗುಲಾಮಗಿರಿಯನ್ನೇ ರದ್ದುಪಡಿಸುವ ಕಾನೂನು 1833ರಲ್ಲಿ ಬಂತು.

ಕಳ್ಳ ಮುದ್ರೆಗಳು

ಮುದ್ರೆ ಇದ್ದಲ್ಲಿ ಕಳ್ಳ ಮುದ್ರೆಯೂ ಇರುತ್ತದೆ. 1720ರ ತೆರಿಗೆ ಬಂದ ಮೇಲೆ ಕೆಲವರು ಒಂದು ಉಪಾಯ ಹೂಡಿದರು. ಹಗುರವಾದ ಚಿಕ್ಕ ತುಂಡಿಗೆ ಅಲ್ಪ ತೆರಿಗೆ ಕಟ್ಟಿ ಮುದ್ರೆ ಹಾಕಿಸಿಕೊಂಡು, ಆ ತುಂಡನ್ನು ಭಾರದ ಪಾತ್ರೆಯ ತಳಕ್ಕೆ ಬೆಸೆದುಬಿಡುವುದು. ಆ ಕಾಲದ ಅತಿ ಪ್ರಸಿದ್ಧ ಕುಶಲಕರ್ಮಿ ಪಾಲ್ ಡಿ ಲಾಮೆರಿಯ ಕೃತಿಗಳಲ್ಲಿಯೂ ಇಂಥವು ಸಿಕ್ಕಿವೆ. ಮುದ್ರೆಯನ್ನೇ ನಕಲು ಮಾಡುವವರಿಗೆ 1757–58ರ ಕಾನೂನು ಮರಣದಂಡನೆ ವಿಧಿಸಿತು. 1773ರಲ್ಲಿ ಅದನ್ನು 14 ವರ್ಷಗಳ ಗಡೀಪಾರಿಗೆ ಇಳಿಸಿದರು.

ಹಳೆಯ ವಸ್ತುಗಳಿಗೆ ಬೆಲೆ ಬಂದ ಮೇಲೆ ಮೋಸದ ರೀತಿ ಬದಲಾಯಿತು. ಉಪಯೋಗ ತಪ್ಪಿದ ಹಳೆಯ ಲೋಟಕ್ಕೆ ಮೂತಿ ಸೇರಿಸಿ ‘ಜಗ್ಗು’ ಮಾಡುವುದು, ಸಾದಾ ಜಗ್ಗಿನ ಮೇಲೆ ನೂರು ವರ್ಷದ ನಂತರ ಹೂವು ಎಬ್ಬಿಸುವುದು, ಹಳೆಯ ಮನೆತನದ ಲಾಂಛನ ಅಳಿಸಿ ಹೊಸದನ್ನು ಕೊರೆಯುವುದು ಇತ್ಯಾದಿ. ಬೆಸುಗೆ ಪತ್ತೆಹಚ್ಚಲು ಬಲ್ಲವರ ಬಳಿ ಒಂದು ಸುಲಭ ಉಪಾಯವಿದೆ. ಬಾಯಿಂದ ಹಬೆ ಊದಿದರೆ ಮುಚ್ಚಿಟ್ಟ ಬೆಸುಗೆಯ ಗೆರೆ ಒಂದು ಕ್ಷಣ ಬೇರೆಯಾಗಿ ಎದ್ದು ಕಾಣುತ್ತದೆ. ಅನುಮಾನದ ಸಾಮಾನುಗಳನ್ನು ಪರೀಕ್ಷಿಸಲು ಗೋಲ್ಡ್‌ಸ್ಮಿತ್ಸ್ ಕಂಪೆನಿಯಲ್ಲಿ ತಜ್ಞರ ಸಮಿತಿಯೂ ಇದೆ.

ಕುಲುಮೆಯಿಂದ ಪಾರಾದದ್ದು

ಇಷ್ಟಾದರೂ ಬೆಳ್ಳಿ ಜಗ್ಗಿಗೆ ದೊಡ್ಡ ಅಪಾಯ ಕಳ್ಳ ಮುದ್ರೆಯಲ್ಲ, ಕುಲುಮೆ. 1640ರ ದಶಕದ ಅಂತರ್ಯುದ್ಧದಲ್ಲಿ ಆಕ್ಸ್‌ಫರ್ಡಿನ ಕಾಲೇಜುಗಳು ತಮ್ಮ ಬೆಳ್ಳಿಯನ್ನು ದೊರೆಯ ಟಂಕಸಾಲೆಗೆ ಕೊಡಬೇಕಾಯಿತು. ಅದಕ್ಕೂ ಹಿಂದಿನ ಇಂಗ್ಲಿಷ್ ಬೆಳ್ಳಿ ಇಂದು ಅತಿ ವಿರಳವಾಗಿರಲು ಇಂಥ ಕರಗಿಸುವಿಕೆಯೇ ಕಾರಣ. ಫ್ಯಾಶನ್ ಬದಲಾದಾಗಲೆಲ್ಲ ಅಜ್ಜಿಯ ಪಾತ್ರೆ ಕೊಟ್ಟು ಹೊಸದು ಮಾಡಿಸಿಕೊಳ್ಳುವುದು ಅಲ್ಲಿಯೂ ರೂಢಿಯೇ. ತೀರಾ ಈಚೆಗೆ, 1979ರ ಆರಂಭದಲ್ಲಿ ಔನ್ಸಿಗೆ ಸುಮಾರು 6 ಡಾಲರ್ ಇದ್ದ ಬೆಳ್ಳಿ ಸಟ್ಟಾ ವ್ಯಾಪಾರದ ಭರಾಟೆಯಲ್ಲಿ 1980ರ ಜನವರಿಗೆ 50 ಡಾಲರ್ ಹತ್ತಿರಕ್ಕೆ ಏರಿದಾಗ, ಎಷ್ಟೋ ಹಳೆಯ ಸಾಮಾನುಗಳು ಬರೀ ತೂಕದ ಲೆಕ್ಕದಲ್ಲಿ ಕುಲುಮೆ ಸೇರಿದವು. ಮಾರ್ಚ್ ವೇಳೆಗೆ ಬೆಲೆ ಕುಸಿಯಿತು. ಕರಗಿದ ಜಗ್ಗು ಮರಳಿ ಬರಲಿಲ್ಲ.

ಹಾಲ್‌ಮಾರ್ಕ್ ಎಂಬ ಮಾತು ಈಗ ನಮ್ಮ ಆಭರಣದಂಗಡಿಗಳಲ್ಲೂ ದಿನಬಳಕೆಯದು. ಭಾರತೀಯ ಮಾನಕ ಬ್ಯೂರೋ 2000ದಲ್ಲಿ ಚಿನ್ನಕ್ಕೆ, 2005ರಲ್ಲಿ ಬೆಳ್ಳಿಗೆ ಈ ಪದ್ಧತಿ ತಂದಿತು. 2021ರ ಜೂನ್‌ನಿಂದ ಚಿನ್ನದ ಆಭರಣಗಳಿಗೆ ಅದನ್ನು ಹಂತಹಂತವಾಗಿ ಕಡ್ಡಾಯ ಮಾಡಲಾಯಿತು. ಬ್ಯೂರೋದ ಲಾಂಛನ, ಶುದ್ಧತೆಯ ಅಂಕಿ, ಆರು ಅಕ್ಷರ–ಅಂಕಿಗಳ ಗುರುತು ಸಂಖ್ಯೆ ಇದ್ದರೆ ಕೊಳ್ಳುವವರು ಧೈರ್ಯವಾಗಿರಬಹುದು. 1300ರ ಶಾಸನದ ಉದ್ದೇಶವೂ ಅಷ್ಟೇ ಇತ್ತು: ಕೊಟ್ಟ ಹಣಕ್ಕೆ ಸರಿಯಾದ ಬೆಳ್ಳಿ ಸಿಗಬೇಕು, ತಪ್ಪಿದರೆ ತಪ್ಪಿತಸ್ಥ ಸಿಗಬೇಕು.

ಚರಿತ್ರೆ ಬರೆದಿಡಲೆಂದು ಯಾರೂ ಆ ಮುದ್ರೆಗಳನ್ನು ಒತ್ತಲಿಲ್ಲ. ತೆರಿಗೆ ವಸೂಲಿಗೆ, ಮೋಸ ತಡೆಯಲು ಒತ್ತಿದರು. ಆದರೂ ಪಿಟ್ಟನ ಬಜೆಟ್ಟಿನ ಕಷ್ಟ, ಲಂಡನ್ನಿನ ಒಂದು ವರ್ಷ, ಹೆಸರು ಬರೆಯಲು ಬಾರದ ಒಬ್ಬ ವಿಧವೆಯ ಮೂವತ್ತು ವರ್ಷದ ದುಡಿಮೆ ಉಳಿದುಬಂದಿರುವುದು ಅದರಿಂದಲೇ. ಹೆಸ್ಟರ್‌ಳ ಸಮಕಾಲೀನರಾದ ಎಷ್ಟೋ ಓದುಬರಹ ಬಲ್ಲ ಹೆಂಗಸರ ಹೆಸರು ಇಂದು ಯಾರಿಗೂ ತಿಳಿಯದು. ಆಕೆಯ ಎರಡು ಅಕ್ಷರಗಳನ್ನು ಮಾತ್ರ, ಎರಡು ಶತಮಾನ ದಾಟಿದ ಮೇಲೂ, ಭೂತಗನ್ನಡಿ ಹಿಡಿದವರು ಹುಡುಕಿ ಓದುತ್ತಿದ್ದಾರೆ.